ಹತ್ತನೇ ನಂಬರಿನಿಂದ ನೆಲ ಒರೆಸಿದ್ದು

ಮೊನ್ನೆ ಭಾನುವಾರ ಬೆಳಿಗ್ಗೆ ಪೇಪರ್ ಹಿಡಿದುಕೊಂಡು ಸೋಫಾದಲ್ಲಿ ಕೂತಿದ್ದೆ. ಮನೆಗೆಲಸದ ರತ್ನಮ್ಮ ನೆಲ ಒರೆಸುತ್ತ ಹತ್ತಿರ ಬಂದು, 'ಸಾರ್, ಕಾಲು ಎತ್ಕೊಳಿ' ಎಂದರು. ಎತ್ತಿಕೊಂಡೆ. ನನ್ನ ಕಾಲ ಕೆಳಗಿನಿಂದ ನಾಲ್ಕೂವರೆ ಸಾವಿರ ರೂಪಾಯಿ ಹಾದುಹೋಯಿತು.

ನೀವಾಗಿದ್ದರೂ ಪೇಪರ್ ಕೆಳಗಿಡುತ್ತಿದ್ದಿರಿ. ರತ್ನಮ್ಮನ ಕೈಯಲ್ಲಿ ಒದ್ದೆಯಾಗಿ ಮುದ್ದೆಯಾಗಿದ್ದದ್ದು ನನ್ನ ಮಗಳು ಮೇಘನಾಳ ಫುಟ್‌ಬಾಲ್ ಜೆರ್ಸಿ. ಬೆನ್ನಿನ ಮೇಲೆ ಹತ್ತನೇ ನಂಬರು, ಅದರ ಮೇಲೆ ಉದ್ದಕ್ಕೆ ಒಬ್ಬ ಆಟಗಾರನ ಹೆಸರು. ನಾಲ್ಕು ತಿಂಗಳ ಹಿಂದೆ ಅವಳ ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ್ದು. ಇದ್ಯಾಕೆ ಇಲ್ಲಿ ಎಂದು ಕೇಳಿದೆ. ಅಮ್ಮಾವ್ರೇ ಕೊಟ್ಟರು ಎಂದರು ರತ್ನಮ್ಮ. ಆಮೇಲೆ ಅವರದೇ ದೂರು ಶುರುವಾಯಿತು. 'ಇದು ನೀರೇ ಹೀರ್ಕೊಳಲ್ಲ ಸಾರ್. ನಿಮ್ದೊಂದು ಹಳೇ ಬನಿಯನ್ ಇದ್ರೆ ಕೊಡಿ.'

ಮೊದಲಿಗೆ ಆ ಜೆರ್ಸಿಯ ಕಥೆ ಹೇಳಿಬಿಡುತ್ತೇನೆ. ಇಲ್ಲವಾದರೆ ನನ್ನ ಮೈ ಯಾಕೆ ಉರಿಯಿತೆಂದು ನಿಮಗೆ ತಿಳಿಯುವುದಿಲ್ಲ. ಮೇಘನಾ ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಸಾರಕ್ಕಿ ಸಿಗ್ನಲ್ ದಾಟಿ ಆಚೆ ಹೋದರೆ ದಾರಿ ತಪ್ಪುವ ಹುಡುಗಿ. ಆದರೆ ಏಳು ಸಮುದ್ರದಾಚೆ ಇರುವ ಯಾವುದೋ ಊರಿನ ಕ್ಲಬ್ಬಿನ ಮೈದಾನಕ್ಕೆ ಎಷ್ಟು ಬಾಗಿಲು, ಯಾವ ಬಾಗಿಲಿನ ಹತ್ತಿರ ಯಾವ ಬೀದಿ, ಎಲ್ಲ ಬಾಯಿಪಾಠ. ಆ ಕ್ಲಬ್ಬಿನ ಜೆರ್ಸಿ ಬೇಕೆಂದಾಗ ನಾನು ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವುದನ್ನು ಸೂಚಿಸಿದೆ. ಚಪ್ಪಲಿ ಹಾಕಿಕೊಂಡೇ ಗರ್ಭಗುಡಿಗೆ ನುಗ್ಗೋಣ ಎಂದವನನ್ನು ನೋಡುವಂತೆ ನನ್ನನ್ನು ನೋಡಿದಳು. ಅಸಲಿಯೇ ಆಗಬೇಕಂತೆ. ಸರಿ, ಅಸಲಿ ಯಾವುದು ಎಂದು ನೋಡಲು ಹೋದರೆ ಅದರಲ್ಲೂ ಮೂರು ಬಗೆ. ತಮ್ಮೂರಿನಲ್ಲಿ ಆಡುವಾಗ ಒಂದು, ಪರವೂರಿನಲ್ಲಿ ಆಡುವಾಗ ಇನ್ನೊಂದು. ಮೂರನೆಯದು ಯಾವಾಗ ಹಾಕುವುದೆಂದು ಇವತ್ತಿನವರೆಗೂ ಯಾರೂ ನನಗೆ ಹೇಳಿಲ್ಲ. ಮೂರೂ ಮುಂದಿನ ವರ್ಷಕ್ಕೆ ಹಳತಾಗುತ್ತವೆ. ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕ್ಲಬ್ಬಿನ ಹೆಸರಿರಬಹುದು ಅಂದುಕೊಂಡಿರಾ? ಅಲ್ಲ, ಜೂಜಾಡುವ ಒಂದು ಆ್ಯಪಿನ ಹೆಸರು. ನಮ್ಮಪ್ಪ ಮನೆಯಲ್ಲಿ ಇಸ್ಪೀಟು ಎಲೆ ಕಂಡರೆ ಒಲೆಗೆ ಹಾಕುತ್ತಿದ್ದರು. ಅವರ ಮಗ ನಾಲ್ಕೂವರೆ ಸಾವಿರ ಕೊಟ್ಟು ಜೂಜಿನ ಜಾಹೀರಾತನ್ನು ಮನೆಗೆ ತಂದ.

ತಂದ ಮೂರೂವರೆ ತಿಂಗಳಿಗೆ ಆ ಹತ್ತನೇ ನಂಬರಿನವನು ಕ್ಲಬ್ ಬಿಟ್ಟ. ಬಿಟ್ಟವನು ದೂರಕ್ಕೇನೂ ಹೋಗಲಿಲ್ಲ. ಅದೇ ಊರಿನ, ಇವರಿಗೆ ಹಾವು ಮುಂಗುಸಿಯಂತಿದ್ದ ಎದುರಾಳಿ ಕ್ಲಬ್ಬಿಗೆ ಸೇರಿದ. ಎಷ್ಟಕ್ಕೆ ಎಂದು ಮಗಳನ್ನು ಕೇಳಿದೆ. ಅವಳು ಹೇಳಿದ ಮೊತ್ತವನ್ನು ರೂಪಾಯಿಗೆ ತಿರುಗಿಸಲು ಹೋಗಿ, ಸೊನ್ನೆಗಳ ನಡುವೆ ಕಳೆದುಹೋದೆ. ಇವನು ಗೋಲು ಹೊಡೆದಾಗಲೆಲ್ಲ ಜೆರ್ಸಿಯ ಮೇಲಿನ ಲಾಂಛನವನ್ನು ಎತ್ತಿ ಹಿಡಿದು ಮುತ್ತಿಡುತ್ತಿದ್ದನಂತೆ. ಹೊಸ ಕ್ಲಬ್ಬಿನಲ್ಲಿ ಮೊದಲ ವಾರವೇ ಗೋಲು ಹೊಡೆದು ಆ ಲಾಂಛನಕ್ಕೂ ಮುತ್ತಿಟ್ಟ. ಅದನ್ನು ಫೋನಿನಲ್ಲಿ ನೋಡಿದ ಮೇಘನಾ ಒಂದು ಸಂಜೆಯೆಲ್ಲ ಅತ್ತಳು. ಮರುದಿನ ಜೆರ್ಸಿಯನ್ನು ಹಳೇ ಬಟ್ಟೆ ಬುಟ್ಟಿಗೆ ಎಸೆದಳು. ನನ್ನ ಹೆಂಡತಿ ಗೀತಾ ಬುಟ್ಟಿಗೆ ಬಿದ್ದದ್ದನ್ನೆಲ್ಲ ಒಂದೇ ದೃಷ್ಟಿಯಿಂದ ನೋಡುವವಳು.

ನಾನು ಮಗಳನ್ನು ಕರೆದು ಕೂರಿಸಿ ಬುದ್ಧಿ ಹೇಳಲು ಹೊರಟೆ. ಅಪ್ಪಂದಿರಿಗೆ ಇದೊಂದು ಚಟ. ಈ ಕ್ಲಬ್ಬಿನ ಮಾಲೀಕರು ಯಾರಮ್ಮ ಎಂದು ಕೇಳಿದೆ. ಮೊದಲು ಆ ಊರಿನ ಒಬ್ಬ ವ್ಯಾಪಾರಿಯದಾಗಿತ್ತಂತೆ. ಈಗ ಯಾವುದೋ ಹೂಡಿಕೆ ಕಂಪನಿಯದು. ಆ ಕಂಪನಿಗೆ ಇನ್ನೂ ಮೂರು ದೇಶಗಳಲ್ಲಿ ಮೂರು ಕ್ಲಬ್ಬುಗಳಿವೆ, ದರ್ಶಿನಿ ಹೋಟೆಲಿನವರು ಬ್ರಾಂಚ್ ತೆಗೆದ ಹಾಗೆ. ಕೋಚ್? ಎರಡು ವರ್ಷದಲ್ಲಿ ಮೂವರು ಬದಲಾದರು. ಆಟಗಾರರು? ಅವಳು ಹೈಸ್ಕೂಲಿನಲ್ಲಿದ್ದಾಗ ಇದ್ದವರಲ್ಲಿ ಈಗ ಒಬ್ಬ ಗೋಲ್‌ಕೀಪರ್ ಉಳಿದಿದ್ದಾನೆ, ಅವನೂ ಬೆಂಚಿನ ಮೇಲೆ. ಕೊನೆಗೆ ಮೈದಾನದ ಹೆಸರನ್ನೂ ಒಂದು ಟೈರು ಕಂಪನಿಗೆ ಮಾರಿದ್ದಾರೆ. ಹಾಗಾದರೆ ನಿನ್ನ ಕ್ಲಬ್ಬು ಅನ್ನುವುದರಲ್ಲಿ ಉಳಿದಿರುವುದಾದರೂ ಏನು ಎಂದೆ. ವಾದದಲ್ಲಿ ಗೆದ್ದೆನೆಂದು ನಾನು ಸೋಫಾಗೆ ಒರಗಿಕೊಂಡಿದ್ದೆ.

'ನಾವು' ಎಂದಳು.

ನನಗೆ ಇನ್ನೂ ರೇಗಿತು. ಅವಳ ಪ್ರಕಾರ, ಬಿಸಿಲು ಮಳೆ ನೋಡದೆ, ಇಷ್ಟೊಂದು ದುಡ್ಡು ಸುರಿದು, ಮೋಸ ಹೋಗಿ, ಮತ್ತೆ ಮುಂದಿನ ವಾರ ಅದೇ ಜಾಗದಲ್ಲಿ ಹೋಗಿ ಕೂರುವವರೇ ಕ್ಲಬ್ಬು. ಉಳಿದವರೆಲ್ಲ ಬಾಡಿಗೆ ಮನೆಯವರು. ಇದು ಯಾವ ನ್ಯಾಯ ಹೇಳಿ. ಸರಿ, ಹಾಗಿದ್ದರೆ ಕ್ಲಬ್ಬಿನ ಜೆರ್ಸಿಯನ್ನು ಬುಟ್ಟಿಗೆ ಯಾಕೆ ಎಸೆದೆ ಎಂದು ಕೊನೆಯ ಬಾಣ ಬಿಟ್ಟೆ. ಅದರ ಮೇಲೆ ಆ ದ್ರೋಹಿಯ ಹೆಸರಿದೆಯಲ್ಲ ಎಂದಳು. ದುಡ್ಡಿಗೋಸ್ಕರ ಉಂಡ ಮನೆಗೆ ಎರಡು ಬಗೆದವನ ಹೆಸರನ್ನು ಬೆನ್ನ ಮೇಲೆ ಹೊರುವುದಿಲ್ಲ. ಯಾರಾದರೂ ಆ ಹೆಸರನ್ನು ಕಿತ್ತುಕೊಟ್ಟರೆ ನಾಳೆಯೇ ಹಾಕಿಕೊಳ್ಳುತ್ತಾಳಂತೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಯಿತು. ಯಾಕೆಂದರೆ ನಾನೂ ಒಂದು ಕಾಲದಲ್ಲಿ ಕ್ಲಬ್ ಬದಲಾಯಿಸಿದವನು. ಕೋಟಿಗಲ್ಲ. ಒಂದು ಜೊತೆ ಬೂಟಿಗೆ.

ನಗಬೇಡಿ. ಈಗ ಈ ಹೊಟ್ಟೆಯನ್ನು ನೋಡಿದರೆ ನಂಬುವುದು ಕಷ್ಟ, ಆದರೆ ನಾನು ಮೈದಾನದ ಎಡ ಅಂಚಿನಲ್ಲಿ ಓಡುವ ವಿಂಗರ್ ಆಗಿದ್ದೆ. ಆಗ ನಮ್ಮ ಮನೆ ಇದ್ದದ್ದು ತಿಲಕ್ ನಗರದಲ್ಲಿ. ನಮ್ಮ ಗಲ್ಲಿಯ ತುದಿಯಲ್ಲಿ ಮುನಿಸ್ವಾಮಣ್ಣನ ಇಸ್ತ್ರಿ ಅಂಗಡಿ. ಅಂಗಡಿಯೇ ಕ್ಲಬ್ಬು. ಮುನಿಸ್ವಾಮಣ್ಣನೇ ಕಾರ್ಯದರ್ಶಿ, ಕೋಚು, ಖಜಾಂಚಿ, ಬೇಕಾದರೆ ಗೋಲ್‌ಕೀಪರ್. ಕ್ಲಬ್ಬಿಗೆ ಹದಿನಾರು ಶರ್ಟುಗಳಿದ್ದವು. ಬೋರ್ಡು ಬರೆಯುವವನಿಂದ ರಟ್ಟು ಕತ್ತರಿಸಿ, ಆಯಿಲ್ ಪೇಂಟಿನಲ್ಲಿ ನಂಬರು ಹಾಕಿಸಿದ್ದು. ಪಂದ್ಯ ಮುಗಿದ ತಕ್ಷಣ ಶರ್ಟು ಬಿಚ್ಚಿ ಅಲ್ಲೇ ಕೊಡಬೇಕು. ಅವನ ಹೆಂಡತಿ ಒಗೆಯುತ್ತಿದ್ದಳು, ಅವನು ಇಸ್ತ್ರಿ ಹಾಕುತ್ತಿದ್ದ. ಇಸ್ತ್ರಿ ಪೆಟ್ಟಿಗೆಯನ್ನು ನೇರವಾಗಿ ಇಟ್ಟರೆ ಪೇಂಟು ಕರಗಿ ಅಂಟಿಕೊಳ್ಳುತ್ತದೆಂದು ಶರ್ಟನ್ನು ಒಳಮಗ್ಗುಲಿಗೆ ತಿರುಗಿಸಿ, ನಡುವೆ ಪೇಪರ್ ಇಟ್ಟು, ಕೂಸಿಗೆ ಎಣ್ಣೆ ತಿಕ್ಕುವಷ್ಟು ನಿಧಾನವಾಗಿ ಇಸ್ತ್ರಿ ಹಾಕುತ್ತಿದ್ದ. ನಮ್ಮ ಸ್ವಂತ ಬಟ್ಟೆಗಳಿಗೆ ಆ ಭಾಗ್ಯ ಇರಲಿಲ್ಲ. ಶರ್ಟುಗಳೆಲ್ಲ ಅಂಗಡಿಯ ಹಿಂದಿದ್ದ ತಗಡಿನ ಟ್ರಂಕಿನಲ್ಲಿ. ಯಾರೂ ಮನೆಗೆ ಒಯ್ಯುವಂತಿಲ್ಲ. ಕೇಳಿದರೆ ಒಂದೇ ಉತ್ತರ: ಶರ್ಟು ಮನೆಗೆ ಹೋದರೆ ನೆಲ ಒರೆಸೋ ಬಟ್ಟೆ ಆಗುತ್ತೆ. ಅದನ್ನು ಕೇಳಿ ನಾವು ಬಿದ್ದುಬಿದ್ದು ನಗುತ್ತಿದ್ದೆವು. ಮೊನ್ನೆ ರತ್ನಮ್ಮನ ಕೈ ನೋಡಿದಾಗ ನೆನಪಾದದ್ದು ಆ ಮಾತೇ.

ಪ್ರತಿ ವರ್ಷ ಲೀಗ್ ಶುರುವಾಗುವ ಮುಂಚೆ ಒಬ್ಬೊಬ್ಬ ಆಟಗಾರನೂ ಒಂದು ಫಾರಂಗೆ ಸಹಿ ಹಾಕಬೇಕಿತ್ತು. ಈ ವರ್ಷ ಈ ಕ್ಲಬ್ಬಿಗೆ ಮಾತ್ರ ಆಡುತ್ತೇನೆಂಬ ಒಪ್ಪಿಗೆ. ಎರಡು ಕ್ಲಬ್ಬಿಗೆ ಸಹಿ ಹಾಕಿದರೆ ಒಂದು ವರ್ಷ ಎಲ್ಲಿಯೂ ಆಡುವಂತಿಲ್ಲ. ಬೇರೆ ಕ್ಲಬ್ಬುಗಳವರು ಹುಡುಗರನ್ನು ಕಾಡಿಬೇಡಿ ಹೋಟೆಲಿಗೆ ಕರೆದೊಯ್ದು ಸಹಿ ಹಾಕಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಆ ತಾಪತ್ರಯವೇ ಇಲ್ಲ. ಮುನಿಸ್ವಾಮಣ್ಣ ಸಂಜೆ ಹದಿನಾರು ಫಾರಂ ಮುಂದಿಟ್ಟುಕೊಂಡು, ಹದಿನಾರು ಥರದ ಪೆನ್ನು ಹಿಡಿತದಲ್ಲಿ, ಎಲ್ಲರ ಸಹಿಯನ್ನೂ ತಾನೇ ಹಾಕಿಬಿಡುತ್ತಿದ್ದ. ನಾವು ಕೆಲಸ, ಕಾಲೇಜು ಎಂದು ಓಡಾಡುವವರು, ಯಾಕೆ ಅಲೆಸುವುದು ಅಂತ. ನಮ್ಮನ್ನು ಕೇಳುತ್ತಿರಲಿಲ್ಲ. ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ನನ್ನ ಸಹಿಯನ್ನಂತೂ ಕೊನೆಯಲ್ಲಿ ಒಂದು ಬಾಲ ಎಳೆದು ಬಹಳ ಸೊಗಸಾಗಿ ಹಾಕುತ್ತಿದ್ದ. ನಾಲ್ಕು ವರ್ಷ ಹಾಗೇ ನಡೆಯಿತು.

ಐದನೇ ವರ್ಷ ಹೊಸೂರು ರಸ್ತೆಯ ಕಡೆಯ ಒಂದು ಕಾರ್ಖಾನೆಯ ಟೀಮಿನವರು ನನ್ನನ್ನು ಕರೆದರು. ತಿಂಗಳಿಗೆ ಇಷ್ಟು ಎಂದು ಕೈಗೆ ದುಡ್ಡು, ಒಂದು ಜೊತೆ ಹೊಸ ಬೂಟು, ಚೆನ್ನಾಗಿ ಆಡಿದರೆ ಮುಂದೆ ಕೆಲಸ. ಮನೆಯಲ್ಲಿ ಕಷ್ಟವಿತ್ತು, ಅದಕ್ಕೇ ಹೋದೆ ಎಂದು ಹೇಳಿದರೆ ನೀವು ಮರುಗುತ್ತೀರಿ. ಆದರೆ ಅದು ಸುಳ್ಳು. ನಮ್ಮಪ್ಪನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ನನಗೆ ಬೇಕಾಗಿದ್ದದ್ದು ಬೂಟು. ಕಪ್ಪು ಚರ್ಮದ್ದು, ಕೆಳಗೆ ಬಿಳಿ ಸ್ಟಡ್ಡುಗಳು. ಅಲ್ಲಿಯವರೆಗೆ ನಾನು ಆಡಿದ್ದು ಕ್ಲಬ್ಬಿನ ಬೂಟಿನಲ್ಲಿ, ಎಡಗಾಲಿಗೆ ಏಳು, ಬಲಗಾಲಿಗೆ ಎಂಟು. ಕಾರ್ಖಾನೆಯ ಫಾರಂಗೆ ಸಹಿ ಹಾಕಿ, ಬೂಟನ್ನು ಕಂಕುಳಲ್ಲಿ ಅವುಚಿಕೊಂಡು, ಬಸ್ಸು ಖಾಲಿ ಇದ್ದರೂ ಕೂರದೆ ನಿಂತುಕೊಂಡೇ ಮನೆಗೆ ಬಂದೆ. ಮುನಿಸ್ವಾಮಣ್ಣನಿಗೆ ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಅಂಗಡಿಯ ಮುಂದೆ ಹೋಗುವುದನ್ನು ತಪ್ಪಿಸಿ ಹಿಂದಿನ ಗಲ್ಲಿಯಿಂದ ಓಡಾಡಿದೆ. ಅಷ್ಟರಲ್ಲಿ ಅವನು ಎಂದಿನಂತೆ ಹದಿನಾರು ಸಹಿಗಳನ್ನು ಹಾಕಿ ಫಾರಂ ಕೊಟ್ಟು ಬಂದಿದ್ದ.

ಲೀಗಿನ ಕಚೇರಿಗೆ ಬರಬೇಕೆಂದು ಕರೆ ಬಂತು. ಮೈದಾನದ ಮೆಟ್ಟಿಲ ಕೆಳಗಿನ ಒಂದು ಕೋಣೆ. ಮೇಜಿನ ಹಿಂದೆ ಮೂವರು, ಮೇಜಿನ ಮೇಲೆ ನನ್ನ ಹೆಸರಿನ ಎರಡು ಫಾರಂ. ಪಕ್ಕದಲ್ಲಿ ಮುನಿಸ್ವಾಮಣ್ಣ ತಾನೇ ಇಸ್ತ್ರಿ ಹಾಕಿಕೊಂಡ ಬಿಳಿ ಶರ್ಟಿನಲ್ಲಿ ನಿಂತಿದ್ದ. ನನ್ನನ್ನು ನೋಡಿ, ಏನೂ ಆಗಲ್ಲ ಅನ್ನುವಂತೆ ತಲೆ ಆಡಿಸಿದ. ಇವೆರಡರಲ್ಲಿ ನಿನ್ನ ಸಹಿ ಯಾವುದು ಎಂದು ಕೇಳಿದರು. ಕಾರ್ಖಾನೆಯದನ್ನು ತೋರಿಸಿದೆ. ಅದು ನಿಜವೇ ಆಗಿತ್ತು. ಹಾಗಾದರೆ ಇದನ್ನು ಹಾಕಿದವರು ಯಾರು ಎಂದು ಇನ್ನೊಂದನ್ನು ಮುಂದಕ್ಕೆ ತಳ್ಳಿದರು. ಅಲ್ಲಿ ಒಂದು ಮಾತು ಹೇಳಬಹುದಿತ್ತು. ನಾಲ್ಕು ವರ್ಷದಿಂದ ನನಗೆ ಗೊತ್ತಿದ್ದೇ ಇವರು ಹಾಕುತ್ತಿದ್ದಾರೆ, ಈ ಸಲ ಬೇರೆಡೆ ಹೋಗುತ್ತೇನೆಂದು ಹೇಳದೇ ಇದ್ದದ್ದು ನನ್ನ ತಪ್ಪು, ಎಂದು. ಹಾಗಂದಿದ್ದರೆ ಕ್ಲಬ್ಬಿಗೆ ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರು. ನನಗೆ ಒಂದು ವರ್ಷ ಆಟವಿಲ್ಲ, ಬೂಟು ವಾಪಸ್.

'ಗೊತ್ತಿಲ್ಲ ಸಾರ್' ಎಂದೆ.

ಮುನಿಸ್ವಾಮಣ್ಣ ನನ್ನ ಕಡೆ ನೋಡಲಿಲ್ಲ. ನಾನೇ ಹಾಕಿದ್ದು ಎಂದು ಮೂವರಿಗೂ ಕೈಮುಗಿದ. ಆ ವರ್ಷ ನಮ್ಮ ಕ್ಲಬ್ಬನ್ನು ಲೀಗಿನಿಂದ ತೆಗೆದರು. ಹದಿನೈದು ಹುಡುಗರು ವರ್ಷವಿಡೀ ಗಲ್ಲಿಯಲ್ಲಿ ಸುಮ್ಮನೆ ನಿಂತರು. ನಾನು ಬೂಟು ಹಾಕಿಕೊಂಡು ಎರಡು ಸೀಸನ್ ಆಡಿದೆ. ಮಂಡಿ ಕೈಕೊಟ್ಟಿತು. ಆಟವಾಡುವವರಿಗೆ ಕೊಡುವ ಕೆಲಸವನ್ನು ಆಡಲಾಗದವನಿಗೆ ಯಾರು ಕೊಡುತ್ತಾರೆ? ಒಂದು ಬೆಳಿಗ್ಗೆ ನನ್ನ ಜಾಗದಲ್ಲಿ ಇನ್ನೊಬ್ಬನಿದ್ದ. ನಾನು ಪರೀಕ್ಷೆ ಬರೆದು ಒಂದು ಆಫೀಸು ಸೇರಿದೆ, ಮದುವೆಯಾದೆ, ಜೆ.ಪಿ. ನಗರಕ್ಕೆ ಬಂದೆ. ಇಲ್ಲಿಂದ ತಿಲಕ್ ನಗರಕ್ಕೆ ಆಟೋದಲ್ಲಿ ಇಪ್ಪತ್ತು ನಿಮಿಷ, ಟ್ರಾಫಿಕ್ಕಿದ್ದರೆ ಮುಕ್ಕಾಲು ಗಂಟೆ. ನನಗೆ ಮೂವತ್ತು ವರ್ಷ ಹಿಡಿಯಿತು.

ಹೋಗಬೇಕಾಗಿ ಬಂದದ್ದೂ ಆ ಜೆರ್ಸಿಯಿಂದಲೇ. ರತ್ನಮ್ಮನಿಗೆ ನನ್ನ ಎರಡು ಬನಿಯನ್ ಕೊಟ್ಟು ಅದನ್ನು ಬಿಡಿಸಿಕೊಂಡೆ. ಎರಡು ಸಲ ಒಗೆಸಿ, ಹೆಸರು ಕೀಳಿಸಲು ನಮ್ಮ ರಸ್ತೆಯ ಇಸ್ತ್ರಿಯವನ ಹತ್ತಿರ ಒಯ್ದೆ. ಅವನು ಮುಟ್ಟಿ ನೋಡಿ ಕೈ ಹಿಂದೆಗೆದ. ಬಟ್ಟೆ ಸುಟ್ಟರೆ ನಾನು ಜವಾಬ್ದಾರನಲ್ಲ ಸಾರ್ ಎಂದ. ಜೆರ್ಸಿ ಮಾರಿದ ದೊಡ್ಡ ಅಂಗಡಿಗೆ ಫೋನ್ ಮಾಡಿದರೆ, ಹೆಸರು ಹಾಕಲು ವ್ಯವಸ್ಥೆ ಇದೆಯಂತೆ, ತೆಗೆಯಲು ಇಲ್ಲವಂತೆ. ಬೇಕಿದ್ದರೆ ಹೊಸ ಹತ್ತನೇ ನಂಬರಿನವನ ಹೆಸರಿರುವ ಜೆರ್ಸಿ ಬಂದಿದೆ ಎಂದು ಫೋನೆತ್ತಿದ ಹುಡುಗಿ ಇಂಪಾಗಿ ಹೇಳಿದಳು. ನಾನು ಏನೆಂದೆ ಎನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಅಂಟಿದ ಅಕ್ಷರವನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ಒಟ್ಟಿಗೆ ಬಲ್ಲವನು ಈ ಊರಿನಲ್ಲಿ ನನಗೆ ಗೊತ್ತಿದ್ದದ್ದು ಒಬ್ಬನೇ. ಮಗಳು ತಾನೂ ಬರುತ್ತೇನೆಂದಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಅಂಗಡಿ ಅಲ್ಲೇ ಇತ್ತು. ಸುತ್ತ ಮೂರಂತಸ್ತಿನ ಮನೆಗಳೆದ್ದು ಅದು ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಮುನಿಸ್ವಾಮಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಖ ಎತ್ತಿ ನೋಡಿ, ಹೋದ ವಾರ ಬಂದವನನ್ನು ಕೇಳುವಂತೆ, 'ಏನೋ ಚಂದ್ರು, ಮಂಡಿ ಹೆಂಗಿದೆ?' ಎಂದ. ಪರವಾಗಿಲ್ಲ ಅಣ್ಣ ಎಂದೆ. ಮಗಳ ಪರಿಚಯ ಮಾಡಿಸಿದೆ. ಜೆರ್ಸಿಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅಕ್ಷರಗಳ ಅಂಚನ್ನು ಉಗುರಿನಿಂದ ತಡವಿದ. ಇಷ್ಟು ಚೆನ್ನಾಗಿರೋ ಹೆಸರನ್ನು ಯಾಕೆ ತೆಗೀಬೇಕು ಎಂದು ವಿಚಾರಿಸಿದ.

ಮೇಘನಾಳಿಗೆ ಅಷ್ಟೇ ಬೇಕಿತ್ತು. ಮುತ್ತಿಟ್ಟದ್ದು, ಕೈಕೊಟ್ಟದ್ದು, ಹೋಗುತ್ತೇನೆಂದು ಎಲ್ಲರಿಗೂ ಸಾರಿಯೇ ಎದುರಾಳಿಗಳನ್ನು ಸೇರಿದ್ದು, ಎಲ್ಲವನ್ನೂ ಹೇಳಿದಳು. ಮುನಿಸ್ವಾಮಣ್ಣ ಜೆರ್ಸಿಯನ್ನು ಒಳಮಗ್ಗುಲಿಗೆ ತಿರುಗಿಸಿದ. ನಡುವೆ ಪೇಪರ್ ಇಟ್ಟ. ಪೆಟ್ಟಿಗೆಯನ್ನು ಇಟ್ಟು ಎತ್ತಿ, ಇಟ್ಟು ಎತ್ತಿ, ಒಂದೊಂದೇ ಅಕ್ಷರವನ್ನು ಚಿಮುಟದಲ್ಲಿ ಬಿಡಿಸತೊಡಗಿದ. ದುಡ್ಡಿಗೋಸ್ಕರ ಹೋದ ಅಂಕಲ್, ಅದೂ ಪಕ್ಕದ ಕ್ಲಬ್ಬಿಗೆ ಎಂದು ಅವಳು ಮುಗಿಸಿದಳು.

'ಹೋಗ್ಲಿ ಬಿಡಮ್ಮ' ಎಂದ ಮುನಿಸ್ವಾಮಣ್ಣ, ತಲೆ ಎತ್ತದೆ. 'ಹೇಳಿ ಹೋದ್ನಲ್ಲ.'

ಮೂವತ್ತು ವರ್ಷದುದ್ದಕ್ಕೂ ಹಿಂಬದಿಯ ಗಲ್ಲಿಯಲ್ಲೇ ಓಡಾಡಿದವನಿಗೆ ಅಡ್ಡದಾರಿ ಯಾವುದೂ ಉಳಿದಿರಲಿಲ್ಲ. ಅಲ್ಲೇ, ಅರ್ಧ ಇಸ್ತ್ರಿಯಾದ ಬಟ್ಟೆಗಳ ರಾಶಿಯ ಪಕ್ಕ ನಿಂತುಕೊಂಡು, ಮಗಳಿಗೆ ಎಲ್ಲವನ್ನೂ ಹೇಳಿದೆ. ಬೂಟು, ಎರಡು ಫಾರಂ, ಮೆಟ್ಟಿಲ ಕೆಳಗಿನ ಕೋಣೆ, 'ಗೊತ್ತಿಲ್ಲ' ಅಂದದ್ದು. ಮಗಳ ಮುಖ ನೋಡಿ ಹೇಳಲಾಗಲಿಲ್ಲ, ಪೆಟ್ಟಿಗೆಯನ್ನು ನೋಡಿಕೊಂಡು ಹೇಳಿದೆ. ನನಗೆ ನಾಚಿಕೆಯಾಯಿತು. ಅದನ್ನು ಸುತ್ತಿಬಳಸಿ ಹೇಳುವ ವಯಸ್ಸಲ್ಲ ನನ್ನದು. 'ಅಣ್ಣ, ಗೊತ್ತಿತ್ತು ನಂಗೆ' ಎಂದೆ ಕೊನೆಗೆ. ದ್ರೋಹಿ ಎಂಬ ಮಾತನ್ನು ಮೇಘನಾ ಆ ದಿನ ಮತ್ತೆ ಬಳಸಲಿಲ್ಲವೆಂಬುದನ್ನು ಮಾತ್ರ ಗಮನಿಸಿದೆ.

ಮುನಿಸ್ವಾಮಣ್ಣ ಕೊನೆಯ ಅಕ್ಷರವನ್ನು ಬಿಡಿಸಿ ಪೆಟ್ಟಿಗೆಯನ್ನು ಬದಿಗಿಟ್ಟ. ಹೆಸರು ಹೋಗಿತ್ತು, ಆದರೆ ಅದು ಇದ್ದ ಜಾಗ ಬಣ್ಣ ಮಾಸದೆ ಉಳಿದು, ಓರೆಯಾಗಿ ನೋಡಿದರೆ ಓದುವಂತಿತ್ತು. ಇದು ಇಷ್ಟೇ ಹೋಗೋದಮ್ಮ ಎಂದು ಮಡಿಚಿ ಅವಳ ಕೈಗೆ ಕೊಟ್ಟ. ಅವಳು ಪರವಾಗಿಲ್ಲ ಅಂಕಲ್ ಎಂದಳು. ಆಮೇಲೆ ಅವನು ಹಿಂದೆ ಹೋಗಿ ಟ್ರಂಕು ತೆರೆದ. ಶರ್ಟು ತೆಗೆದು ತೋರಿಸಿ ನನ್ನನ್ನು ಅಳಿಸುತ್ತಾನೇನೋ ಎಂದು ಹೆದರಿದೆ. ಅವನು ತಂದದ್ದು ಒಂದು ರಟ್ಟು, ಅದಕ್ಕೆ ಕ್ಲಿಪ್ ಹಾಕಿದ ಕಾಗದಗಳು.

ಐವತ್ತು ದಾಟಿದವರಿಗೆ ಒಂದು ಪಂದ್ಯಾವಳಿ ಮಾಡುತ್ತಿದ್ದಾರಂತೆ. ನಮ್ಮ ಕ್ಲಬ್ಬಿನ ಹಳಬರು ಹತ್ತು ಜನ ಸೇರಿದ್ದಾರೆ. ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬನಿಗೆ ಸ್ಟೆಂಟ್. ಎಡಗಡೆಗೆ ಯಾರೂ ಇಲ್ಲ. ನನಗೆ ಓಡಲು ಆಗುವುದಿಲ್ಲ ಅಣ್ಣ ಎಂದೆ. ಓಡು ಅಂತ ಯಾರು ಹೇಳಿದರು, ಎಡಗಡೆ ನಿಂತ್ಕೊ ಸಾಕು ಎಂದ. ಶರ್ಟು ಮಾತ್ರ ಪಂದ್ಯ ಮುಗಿದ ತಕ್ಷಣ ಅಲ್ಲೇ ಬಿಚ್ಚಿಕೊಡಬೇಕಂತೆ. ಫಾರಂ ಒಂದನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ, ಅದರ ಮೇಲೆ ಪೆನ್ನಿಟ್ಟು ನನ್ನ ಕಡೆ ಸರಿಸಿದ. ಹೆಸರು, ವಯಸ್ಸು, ವಿಳಾಸ ಬರೆದೆ. ಕೆಳಗಿನ ಗೆರೆಯ ಹತ್ತಿರ ಬಂದಾಗ ಪೆನ್ನನ್ನು ಅವನ ಕಡೆಗೇ ಹಿಡಿದೆ. ನೀವೇ ಹಾಕಿ ಅಣ್ಣ ಎಂದೆ. ಹಾಗನ್ನುವುದು ದೊಡ್ಡತನ ಅಂದುಕೊಂಡಿದ್ದೆ.

'ಇಲ್ಲಪ್ಪ. ನಾನೀಗ ಯಾರ್ದೂ ಹಾಕಲ್ಲ' ಎಂದ. 'ನೀನೇ ಹಾಕು.'

ಹಾಕಿದೆ. ಮೇಜು ಇನ್ನೂ ಬೆಚ್ಚಗಿತ್ತು. ಅವನು ಕಾಗದವನ್ನು ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಮೇಘನಾಳ ಕಡೆಗೆ ತಿರುಗಿಸಿ ತೋರಿಸಿದ.

'ನೋಡಮ್ಮ ನಿಮ್ಮಪ್ಪನ್ನ. ಬಾಲಾನೇ ಎಳ್ದಿಲ್ಲ. ನಾನೇ ಇದಕ್ಕಿಂತ ಚೆನ್ನಾಗಿ ಹಾಕ್ತಿದ್ದೆ.'